ಮೈಲ್ಸ್ ಕೊಂಡು ದುಬಾರಿ ಟಿಕೆಟ್ ಕಡಿಮೆಗೆ: ಕಲಿಯುವವರಿಗೆ ಒಂದು ಟಿಪ್ಪಣಿ

ವಿಮಾನ ಕಂಪನಿಯ ಮೈಲ್ಸ್ ಅಂದ್ರೆ ಪದೇ ಪದೇ ಹಾರುವವರಿಗೆ ಸಿಗುವ ಬಹುಮಾನ ಅಂತ ನಮಗೆ ಗೊತ್ತು. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಎಎಡ್ವಾಂಟೇಜ್ ಅನ್ನುವ ತನ್ನ ಮೈಲ್ಸ್ ಯೋಜನೆ ಶುರು ಮಾಡಿದ್ದು ಹಾಗೇ. ಈಗ ಒಂದು ಸಲವೂ ಹಾರದೆ, ದುಡ್ಡು ಕೊಟ್ಟೇ ಮೈಲ್ಸ್ ತಗೊಳ್ಳಬಹುದು. ಹಾಗೆ ತಗೊಂಡ ಮೈಲ್ಸ್‌ನಿಂದ ಎರಡು ಲಕ್ಷದ ಸೀಟು ಒಂದು ಲಕ್ಷಕ್ಕೆ ಸಿಗುವುದೂ ಉಂಟು.

ಇಷ್ಟು ಕಡಿಮೆಗೆ ಅವರು ಯಾಕೆ ಕೊಡ್ತಾರೆ? ಮಲ್ಪೆಯಲ್ಲಿ ಮೀನು ಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊತ್ತು ಏರಿದ ಮೇಲೆ ಬುಟ್ಟಿಯಲ್ಲಿ ಉಳಿದ ಬಂಗುಡೆಗೆ ಬೆಳಗ್ಗೆಯ ರೇಟು ಇರುವುದಿಲ್ಲ. ಬಿಸಿನೆಸ್ ಕ್ಲಾಸಿನಲ್ಲಿ ಮಾರಾಟವಾಗದೆ ಉಳಿಯಬಹುದು ಅನ್ನಿಸಿದ ಕೆಲವು ಸೀಟುಗಳನ್ನು ಕಂಪನಿ ತನ್ನ ಪಾಲುದಾರ ಕಂಪನಿಗಳ ಮೈಲ್ಸ್‌ಗೆ ಬಿಡುತ್ತದೆ. ಪಾಲುದಾರರು ಆ ಸೀಟಿಗೆ ಮೊದಲೇ ಮಾತಾಡಿಕೊಂಡ ಸಣ್ಣ ಮೊತ್ತ ಕೊಡುತ್ತಾರೆ. ಇತ್ತ ಮೈಲ್ಸ್ ಮಾರುವುದೇ ದೊಡ್ಡ ವ್ಯಾಪಾರ. ಎಷ್ಟು ದೊಡ್ಡದು ಅಂದ್ರೆ, 2020ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡ ಇಟ್ಟು 680 ಕೋಟಿ ಡಾಲರ್ ಎತ್ತಿತು.

ಪಾಲುದಾರಿಕೆಯ ಮೂರು ದೊಡ್ಡ ಕೂಟಗಳಿವೆ: ಸ್ಟಾರ್ ಅಲಯನ್ಸ್ (1997), ಒನ್‌ವರ್ಲ್ಡ್ (1999), ಸ್ಕೈಟೀಮ್ (2000). ಏವಿಯಾಂಕ, ಲುಫ್ತಾನ್ಸಾ ಎರಡೂ ಸ್ಟಾರ್ ಅಲಯನ್ಸ್‌ನವು, ಹಾಗಾಗಿ ಕೊಲಂಬಿಯಾದ ಏವಿಯಾಂಕದ ಮೈಲ್ಸ್ ಆದ ಲೈಫ್‌ಮೈಲ್ಸ್ ಕೊಂಡು, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾದಲ್ಲಿ ಹೋಗಬಹುದು. ಏವಿಯಾಂಕದ ವಿಮಾನವನ್ನು ಕಣ್ಣಲ್ಲಿ ನೋಡುವುದೂ ಬೇಡ.

ಈಗ ಲೆಕ್ಕ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಮಾಮೂಲಿ ದರದಲ್ಲಿ ಮೈಲ್ಸ್ ಕೊಂಡರೆ ಹೆಚ್ಚಾಗಿ ಏನೂ ಉಳಿಯುವುದಿಲ್ಲ. ಬೋನಸ್ ಬಂದಾಗ ಮಾತ್ರ ಕೊಳ್ಳಬೇಕು. ಆದರೆ 50% ಬೋನಸ್ ಅಂದ್ರೆ ಅರ್ಧ ಬೆಲೆ ಅಲ್ಲ! 100 ಮೈಲ್ಸ್ ದುಡ್ಡಿಗೆ 150 ಸಿಗುತ್ತದೆ, ಅಂದರೆ ಬೆಲೆ ಮೂರನೇ ಒಂದು ಭಾಗ ಮಾತ್ರ ಇಳಿಯಿತು. ಅರ್ಧ ಆಗಬೇಕಾದರೆ 100% ಬೋನಸ್ ಬೇಕು.

ಸುಲಭಕ್ಕೆ ನಾನೇ ಅಂಕಿಗಳನ್ನು ಹಾಕಿಕೊಂಡಿದ್ದೇನೆ. ಒಂದು ಮೈಲಿಗೆ 3 ಸೆಂಟ್, ಬೋನಸ್ 100%, ಹಾಗಾಗಿ 1.5 ಸೆಂಟ್. ಸೀಟಿಗೆ 70,000 ಮೈಲ್ಸ್ ಬೇಕು: 1,050 ಡಾಲರ್. ಡಾಲರಿಗೆ 90 ರೂಪಾಯಿ ಅಂದ್ರೆ 94,500. ಇಷ್ಟಕ್ಕೇ ಖುಷಿಪಡಬೇಡಿ. ಡಾಲರಿನಲ್ಲಿ ಪಾವತಿ ಮಾಡಿದರೆ ನಮ್ಮ ಎಷ್ಟೋ ಕ್ರೆಡಿಟ್ ಕಾರ್ಡುಗಳು 3.5% ಮಾರ್ಕಪ್, ಅಂದ್ರೆ ಹೆಚ್ಚುವರಿ ಶುಲ್ಕ, ಹಾಕುತ್ತವೆ, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಎರಡೂ ಸೇರಿ ಸುಮಾರು 3,900. ಟಿಕೆಟ್ ಮಾಡುವಾಗ ಏರ್‌ಪೋರ್ಟ್ ತೆರಿಗೆ ಬೇರೆ, 8,000 ಇಟ್ಟುಕೊಳ್ಳಿ. ಒಟ್ಟು 1,06,400 ರೂಪಾಯಿ. ಕೆಲವು ಯೋಜನೆಗಳು ಇಂಧನ ಸರ್‌ಚಾರ್ಜ್ ಕೂಡ ಕೇಳುತ್ತವೆ. ಬ್ರಿಟಿಷ್ ಏರ್‌ವೇಸ್ ಇದಕ್ಕೆ ಹೆಸರುವಾಸಿ. ಅದೇ ಸೀಟನ್ನು ದುಡ್ಡು ಕೊಟ್ಟು ತಗೊಂಡರೆ 1,90,000 ಅನ್ನೋಣ. ಉಳಿದದ್ದು ಸುಮಾರು 83,600.

ಉಳಿಯಿತಾ ನಿಜವಾಗಿ? ಎಕಾನಮಿ 45,000ಕ್ಕೆ ಸಿಗುತ್ತಿದ್ದು, ನೀವು ಹೇಗೂ ಅದರಲ್ಲೇ ಹೋಗುವವರಾಗಿದ್ದರೆ, ಉಳಿದದ್ದು ಏನೂ ಇಲ್ಲ, 61,400 ಜಾಸ್ತಿ ಖರ್ಚಾಯಿತು. ಸುಮ್ನೆ ಸಮಾಧಾನಕ್ಕೆ 1,90,000ದ ಜೊತೆ ಹೋಲಿಸಬಾರದು. ಕಾಲು ನೋವಿರುವ ಅಮ್ಮನನ್ನು ಮಲಗಿಸಿಕೊಂಡು ಹೋಗಬೇಕು ಅಂದ್ರೆ ಅದು ಬೇರೆ ಮಾತು, ಆಗ ನಾನೂ ಕೊಳ್ಳುತ್ತೇನೆ.

ಇನ್ನು ನನ್ನ ಎಡವಟ್ಟು. ಆಫರ್ ಮುಗಿಯುವ ರಾತ್ರಿ ಗಡಿಬಿಡಿಯಲ್ಲಿ ಒಂದು ಕಂಪನಿಯ 40,000 ಮೈಲ್ಸ್ ಕೊಂಡೆ. ಮರುದಿನ ಮೇ ತಿಂಗಳಿಗೆ ಸೀಟು ಹುಡುಕಿದರೆ ಒಂದೂ ಇಲ್ಲ. ಶಾಲೆಗೆ ರಜೆ ಇರುವಾಗ ಅವರು ಯಾಕೆ ಬಿಡ್ತಾರೆ, ಅಲ್ವಾ? ಕೊಂಡ ಮೈಲ್ಸ್ ವಾಪಸ್ ತಗೊಳ್ಳುವುದಿಲ್ಲ ಅಂತ ನಿಯಮದಲ್ಲೇ ಇತ್ತು, ನಾನು ಓದಿರಲಿಲ್ಲ. "ಸೀಟು ಕಾಣದೆ ದುಡ್ಡು ಕೊಟ್ಟಿಯಾ ಮಾರಾಯ?" ಅಂತ ಭಾವ ಇವತ್ತಿಗೂ ನಗುತ್ತಾರೆ. ಈಗ ಮೊದಲು ಸೀಟು ಹುಡುಕುತ್ತೇನೆ. ಅದು ಎರಡು ಕಡೆ ಕಾಣಿಸಬೇಕು: ಮೈಲ್ಸ್ ಮಾರುವ ಕಂಪನಿಯಲ್ಲೂ, ಅದೇ ಕೂಟದ ಇನ್ನೊಂದು ಕಂಪನಿಯಲ್ಲೂ. ಒಂದೇ ಕಡೆ ಕಂಡರೆ ಅದು ಬರೀ ಭ್ರಮೆಯ ಸೀಟು, ಕಂಡರೂ ಬುಕ್ ಆಗದ್ದು, ಆಗಿರಬಹುದು. ಆಮೇಲೆ ಕೊಂಡು, ಖಾತೆಗೆ ಬಂದ ಕೂಡಲೇ ಬುಕ್ ಮಾಡುವುದು.

ಕೂಡಿಡುವ ಆಸೆಯೂ ಬೇಡ. 2016ರ ಮಾರ್ಚ್ 31ರಂದು ಅಲಾಸ್ಕ ಏರ್‌ಲೈನ್ಸ್, ಮೊದಲೇ ಹೇಳದೆ, ಎಮಿರೇಟ್ಸ್ ಫಸ್ಟ್ ಕ್ಲಾಸಿನ ದರವನ್ನು ಕೆಲವು ಮಾರ್ಗಗಳಲ್ಲಿ 1,00,000ದಿಂದ 2,00,000 ಮೈಲ್ಸ್‌ಗೆ ಏರಿಸಿಬಿಟ್ಟಿತು. ಮೈಲ್ಸ್ ಕೊಂಡಿಟ್ಟವರ ಕೈಯಲ್ಲಿ ಅರ್ಧ ಟಿಕೆಟ್ ಉಳಿಯಿತು. ಬೇರೆಯವರ ಖಾತೆಯ ಮೈಲ್ಸ್ ಕಡಿಮೆಗೆ ಕೊಡುತ್ತೇವೆ ಅನ್ನುವ ದಲ್ಲಾಳಿಗಳ ಹತ್ತಿರ ಹೋಗಲೇಬೇಡಿ. ಅದು ನಿಯಮಕ್ಕೆ ವಿರುದ್ಧ, ಟಿಕೆಟ್ ರದ್ದಾಗಬಹುದು.

ನಮ್ಮ ಊರಿನವರಿಗೆ ಇನ್ನೊಂದು ತಲೆನೋವು ಉಂಟು. ಮಂಗಳೂರಿನ ವಿಮಾನ ನಿಲ್ದಾಣ ಬಜ್ಪೆಯಿಂದ ಹಾರುವುದು ಬಹುಪಾಲು ಇಂಡಿಗೊ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ, ಆದರೆ ಎಕ್ಸ್‌ಪ್ರೆಸ್ ಇಲ್ಲ, ಇಂಡಿಗೊ ಕೂಡ ಇಲ್ಲ. ಹಾಗಾಗಿ ಬೆಂಗಳೂರಿನ ತನಕ ಬೇರೆಯೇ ಟಿಕೆಟ್ ಬೇಕಾಗುತ್ತದೆ. ಮಳೆಗಾಲದಲ್ಲಿ ಬಜ್ಪೆಯ ವಿಮಾನ ತಡವಾಗಿ ಫ್ರಾಂಕ್‌ಫರ್ಟ್ ವಿಮಾನ ತಪ್ಪಿದರೆ ಯಾರೂ ಹೊಣೆಯಲ್ಲ. ರಸ್ತೆಯಲ್ಲಿ ಹೋಗೋಣ ಅಂದ್ರೆ ಶಿರಾಡಿ ಘಾಟಿಯನ್ನು ಜುಲೈಯಲ್ಲಿ ನಂಬುವ ಹಾಗಿಲ್ಲ. ನಾನಾದರೆ ಒಂದು ದಿನ ಮುಂಚೆ ಹೊರಡುತ್ತೇನೆ. ಉಡುಪಿಯವರಿಗೆ ಬೆಂಗಳೂರಿಗೆ ಪಂಚಗಂಗಾ ರೈಲಿದೆ. ಬೆಂಗಳೂರಿನ ಒಂದು ರಾತ್ರಿಯ ಖರ್ಚನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿ.

ಅಭ್ಯಾಸಕ್ಕೆ: ಮಾಮೂಲಿ ದರ 2.5 ಸೆಂಟ್, ಬೋನಸ್ 60%. ಮೈಲಿಗೆ ಎಷ್ಟು ಬಿತ್ತು? ನಿಮಗೆ 1 ಸೆಂಟ್ ಬಂದಿದ್ದರೆ 60% ಕಳೆದಿದ್ದೀರಿ. 2.5ನ್ನು 1.6ರಿಂದ ಭಾಗಿಸಬೇಕು, ಉತ್ತರ 1.56.