ಪದ ಪರಿಚಯ: ಬಾಡಿ ಇಮೇಜ್

ಮದುವೆಯ ಗ್ರೂಪ್ ಫೋಟೋ ವಾಟ್ಸಾಪ್‌ಗೆ ಬಂದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ. ಎರಡು ಬೆರಳಿಟ್ಟು ತಮ್ಮ ಮುಖವನ್ನು ದೊಡ್ಡದು ಮಾಡಿ ನೋಡುವುದು. ಫೋಟೋದಲ್ಲಿ ಮದುಮಗಳೇ ಇರಲಿ, ಮೊದಲು ನೋಡುವುದು ನಮ್ಮನ್ನೇ. ನೋಡಿದ ಮೇಲೆ "ಅಯ್ಯೋ, ನಾನು ಹೀಗಿದ್ದೀನಾ?" ಅನಿಸಿತು ಅಂದುಕೊಳ್ಳಿ. ಹಾಗಾದರೆ ಫೋಟೋ ನೋಡುವ ಮೊದಲೇ ನಮ್ಮದೇ ಇನ್ನೊಂದು ಚಿತ್ರ ತಲೆಯಲ್ಲಿತ್ತು ಅಂತಾಯಿತು. ಆ ಚಿತ್ರವೇ ಬಾಡಿ ಇಮೇಜ್.

ಆಸ್ಟ್ರಿಯಾ ಮೂಲದ ಮನೋವೈದ್ಯ ಪೌಲ್ ಶಿಲ್ಡರ್ 1935ರಲ್ಲಿ ಇದನ್ನು ವಿವರಿಸಿದ್ದು ಹೀಗೆಯೇ: ನಮ್ಮ ದೇಹದ ಬಗ್ಗೆ ನಮ್ಮ ಮನಸ್ಸಿನಲ್ಲಿ ನಾವೇ ಕಟ್ಟಿಕೊಂಡ ಚಿತ್ರ. ಈಗಿನವರು ಇದಕ್ಕೆ ಇನ್ನಷ್ಟು ಸೇರಿಸುತ್ತಾರೆ. ದೇಹ ನಮಗೆ ಹೇಗೆ ಕಾಣುತ್ತದೆ ಅನ್ನುವುದರ ಜೊತೆಗೆ, ಅದರ ಬಗ್ಗೆ ಏನನಿಸುತ್ತದೆ, ಆ ಅನಿಸಿಕೆಯಿಂದ ನಾವೇನು ಮಾಡುತ್ತೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ಸೆಖೆಯಲ್ಲೂ ತುಂಬುತೋಳಿನ ಬಟ್ಟೆ ಹಾಕುವುದು, ಫೋಟೋ ತೆಗೆಯುವಾಗ ಬೇಕಂತಲೇ ಹಿಂದಿನ ಸಾಲಿಗೆ ಸರಿಯುವುದು, ಸ್ಪೋರ್ಟ್ಸ್ ಡೇ ದಿನವೇ ಸರಿಯಾಗಿ ಹೊಟ್ಟೆನೋವು ಬರುವುದು, ಎಲ್ಲ ಇದರೊಳಗೇ ಇದೆ. ಹಾಗಾಗಿ ತೂಕದ ಮಷೀನಿಗೆ ಇದು ಸಿಗುವುದಿಲ್ಲ. ಡಾಕ್ಟರ ಲೆಕ್ಕದಲ್ಲಿ ಸರಿಯಾದ ತೂಕ ಇರುವ ಹುಡುಗಿಯೂ ತಾನು ದಪ್ಪ ಅಂತ ಕೊರಗಬಹುದು.

ಹಾಗಾದರೆ ಆ ಚಿತ್ರವನ್ನು ಕೆಡಿಸುವುದು ಯಾರು? ಟಿವಿ, ಸಿನಿಮಾ, ಜಾಹೀರಾತು ಅಂತ ಎಲ್ಲರೂ ಥಟ್ಟನೆ ಹೇಳುತ್ತಾರೆ. ಹೇಳುವುದು ಸುಲಭ, ಪರೀಕ್ಷೆ ಮಾಡುವುದು ಕಷ್ಟ. ಟಿವಿಯನ್ನೇ ನೋಡದ ಹುಡುಗಿಯರನ್ನು ಎಲ್ಲಿಂದ ಹುಡುಕಿ ತರುವುದು? ಅಂಥದ್ದೊಂದು ಅವಕಾಶ ಸಿಕ್ಕಿದ್ದು ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಆ್ಯನ್ ಬೆಕರ್ ಅವರಿಗೆ. ಅವರು ಮನೋವೈದ್ಯೆಯೂ ಹೌದು, ಮಾನವಶಾಸ್ತ್ರಜ್ಞೆಯೂ ಹೌದು. ಫಿಜಿಯ ದೊಡ್ಡ ದ್ವೀಪದಲ್ಲಿರುವ ನಂದ್ರೋಂಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ಬಂದ ಕೆಲವೇ ವಾರಗಳಲ್ಲಿ ಬೆಕರ್ ಅಲ್ಲಿನ ಹೈಸ್ಕೂಲು ಹುಡುಗಿಯರನ್ನು ಮಾತಾಡಿಸಿದರು. 1998ರಲ್ಲಿ ಮತ್ತೆ ಹೋದರು.

ಅಲ್ಲಿನ ಮೂಲನಿವಾಸಿಗಳಲ್ಲಿ ತುಂಬಿದ ಮೈ ಅಂದರೆ ಒಳ್ಳೆಯ ಲಕ್ಷಣ. ಮನೆಗೆ ಬಂದವರಿಗೆ ಇನ್ನಷ್ಟು, ಮತ್ತಷ್ಟು ಅಂತ ಬಡಿಸುವುದೇ ಮರ್ಯಾದೆ. ಯಾರಿಗಾದರೂ ಹಸಿವು ಕಟ್ಟಿ ಸೊರಗಿದರೆ ಮನೆಮಂದಿಗೆಲ್ಲ ಚಿಂತೆ, ಸೊಪ್ಪಿನ ಕಷಾಯ ಮಾಡಿ ಕುಡಿಸುತ್ತಿದ್ದರು. ಇದು ನಮಗೇನೂ ಹೊಸದಲ್ಲ. ನಮ್ಮ ಅಜ್ಜಿಯರೂ "ಮೈಕೈ ತುಂಬಿಕೊಂಡು ಎಷ್ಟು ಲಕ್ಷಣವಾಗಿದ್ದಾಳೆ" ಅಂತ ಹೊಗಳುತ್ತಿದ್ದರಲ್ವಾ? ರಜೆಗೆ ಬಂದ ಮೊಮ್ಮಗಳಿಗೆ "ಏನೇ ಇಷ್ಟು ಸೊರಗಿದ್ದೀಯಾ" ಅಂತ ಗದರಿ ತುಪ್ಪ ಜಾಸ್ತಿ ಹಾಕುತ್ತಿದ್ದರಲ್ವಾ?

ಮೂರೇ ವರ್ಷದಲ್ಲಿ ಅಲ್ಲಿ ಏನಾಯಿತು ನೋಡಿ. ಊಟ, ತೂಕದ ಬಗೆಗಿನ ಗೀಳನ್ನು ಅಳೆಯಲು 26 ಪ್ರಶ್ನೆಗಳ ಒಂದು ಪಟ್ಟಿ ಇದೆ. ಅದರಲ್ಲಿ ಅಪಾಯದ ಗೆರೆ ದಾಟಿದ ಹುಡುಗಿಯರು 1995ರಲ್ಲಿ ಶೇ. 12.7 ಇದ್ದರು, 1998ರಲ್ಲಿ ಶೇ. 29.2 ಆದರು. ತೂಕ ಇಳಿಸಲು ಬೇಕಂತಲೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ, ಎರಡನೇ ಸಲ ಶೇ. 11.3. ಎರಡೂ ಸಲ ಮಾತಾಡಿಸಿದ್ದು ಬೇರೆ ಬೇರೆ ಹುಡುಗಿಯರನ್ನು, ಅದೂ ಅರವತ್ತು ಚಿಲ್ಲರೆ ಮಂದಿಯನ್ನು. ಆ ಮೂರು ವರ್ಷದಲ್ಲಿ ಊರಲ್ಲಿ ಟಿವಿ ಒಂದೇ ಬದಲಾಗಿದ್ದು ಅಂತಲೂ ಹೇಳಲಾಗದು. ಎಲ್ಲ ತಪ್ಪನ್ನೂ ಟಿವಿ ತಲೆಗೆ ಕಟ್ಟಬಾರದು.

ನನಗೆ ಈ ಅಂಕಿಗಳಿಗಿಂತ ಮುಖ್ಯ ಅನಿಸುವುದು ಆ ಹುಡುಗಿಯರು ಕೊಟ್ಟ ಕಾರಣ. ಚೆಂದ ಕಾಣಬೇಕು ಅನ್ನುವುದಷ್ಟೇ ಅವರ ಆಸೆಯಾಗಿರಲಿಲ್ಲ. ಟಿವಿಯಲ್ಲಿ ಕಾಣುವ ತೆಳ್ಳಗಿನ ಹೆಂಗಸರಿಗೆ ಕೆಲಸ ಇದೆ, ದುಡ್ಡಿದೆ, ಅವರ ಮಾತಿಗೆ ಬೆಲೆ ಇದೆ. ತಾವೂ ತೆಳ್ಳಗಾದರೆ ಅಂಥ ಬದುಕು ಸಿಗಬಹುದು ಅಂತ ಅವರ ಲೆಕ್ಕ. ದೇಹದ ಅಳತೆಗೆ ಭವಿಷ್ಯವನ್ನೇ ಗಂಟು ಹಾಕಿಬಿಟ್ಟಿದ್ದರು. ಹಾಗೆ ಗಂಟು ಬಿದ್ದ ಮೇಲೆ ಸೊಂಟದ ಸುತ್ತಳತೆ ಜಾಸ್ತಿಯಾದರೆ ಬದುಕೇ ಕೈತಪ್ಪಿದ ಹಾಗೆ ಅನಿಸುತ್ತದೆ.

ಈ ಗಂಟನ್ನು ನಮ್ಮಲ್ಲಿ ಹಾಕಿದ್ದು ಮೊದಲು ಬಣ್ಣದ ಮೇಲೆ, ತೂಕದ ಸರದಿ ಆಮೇಲೆ. ಫೇರ್ ಆ್ಯಂಡ್ ಲವ್ಲಿ ಕ್ರೀಮು ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಟಿವಿ ನೋಡಿ ಬೆಳೆದ ಎಲ್ಲರಿಗೂ ಇಂಥ ಕ್ರೀಮುಗಳ ಜಾಹೀರಾತಿನ ಕತೆ ಬಾಯಿಪಾಠ. ಕಪ್ಪಗಿನ ಹುಡುಗಿಗೆ ಕೆಲಸ ಸಿಗುವುದಿಲ್ಲ, ಮನೆಯಲ್ಲಿ ಅಪ್ಪ ತಲೆ ಮೇಲೆ ಕೈಹೊತ್ತು ಕೂತಿರುತ್ತಾರೆ. ಕೆಲವೇ ವಾರ ಕ್ರೀಮು, ಆಮೇಲೆ ಕೆಲಸ, ಕೈತುಂಬಾ ಸಂಬಳ, ಹಿಂತಿರುಗಿ ನೋಡುವ ಹುಡುಗ. ಮುಖದ ಬಣ್ಣ ಅಷ್ಟು ಬೇಗ ಬದಲಾಯಿತಾ ಅಂತ ಕೇಳುವ ಪುರುಸೊತ್ತೇ ನಮಗೆ ಕೊಡಲಿಲ್ಲ. ಗಂಡಸರನ್ನೂ ಬಿಡಲಿಲ್ಲ, 2005ರಲ್ಲಿ ಅವರಿಗೂ ಬೇರೆ ಕ್ರೀಮು ಬಂತು. ಕಪ್ಪಗಿರುವವರನ್ನು ದುಃಖಿಗಳು, ಸೋತವರು ಅಂತ ತೋರಿಸಬಾರದು ಅನ್ನುವ ನಿಯಮವನ್ನು ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ ಎಎಸ್‌ಸಿಐ ತಂದದ್ದು 2014ರಲ್ಲಿ. 2020ರಲ್ಲಿ ಫೇರ್ ಆ್ಯಂಡ್ ಲವ್ಲಿ ಹೆಸರು ಗ್ಲೋ ಆ್ಯಂಡ್ ಲವ್ಲಿ ಆಯಿತು. ಮದುವೆ ಮಾತುಕತೆಯಲ್ಲಿ "ಹುಡುಗಿ ಬಣ್ಣ ಹೇಗೆ?" ಅನ್ನುವ ಪ್ರಶ್ನೆಗೆ ಮಾತ್ರ ಯಾರೂ ಹೆಸರು ಬದಲಿಸಿಲ್ಲ. ಬೆಳ್ಳಗಾಗುವ ಆಸೆಗೆ ಬಿದ್ದು, ಸ್ಟೆರಾಯ್ಡ್ ಇರುವ ಮುಲಾಮನ್ನು ಡಾಕ್ಟರ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಹಚ್ಚಿಕೊಳ್ಳುವವರೂ ಇದ್ದಾರೆ. ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಬಿಟ್ಟರೆ ಉರಿ. ಚರ್ಮದ ಡಾಕ್ಟರುಗಳಿಗೆ ಇದು ದೊಡ್ಡ ತಲೆನೋವು.

ಇದಕ್ಕೂ ಸೆಲ್ಫ್ ಎಸ್ಟೀಮ್‌ಗೂ, ಅಂದರೆ ನಮ್ಮ ಬಗ್ಗೆ ನಾವೇ ಇಟ್ಟುಕೊಂಡ ಬೆಲೆಗೂ ಏನು ಸಂಬಂಧ? ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಹಾರ್ಟರ್ ಮಕ್ಕಳನ್ನೂ ಹದಿಹರೆಯದವರನ್ನೂ ಬಹಳ ವರ್ಷ ಅಧ್ಯಯನ ಮಾಡಿದವರು. ಓದು, ಆಟ, ಸ್ನೇಹ, ನಡತೆ, ರೂಪ ಹೀಗೆ ಒಂದೊಂದರಲ್ಲೂ ನೀನು ಹೇಗಿದ್ದೀಯಾ ಅಂತ ಕೇಳುತ್ತಾ ಹೋದರು. ಒಟ್ಟಾರೆ ತನ್ನ ಬೆಲೆ ಎಷ್ಟು ಅನ್ನುವುದರ ಜೊತೆ ಎಲ್ಲಕ್ಕಿಂತ ಗಟ್ಟಿಯಾಗಿ ಹೆಣೆದುಕೊಂಡಿದ್ದು ರೂಪವೇ. ಗಣಿತದಲ್ಲಿ ತೊಂಬತ್ತು ತೆಗೆದ ಹುಡುಗಿ ಹಲ್ಲು ಮುಚ್ಚಿಕೊಂಡು ನಗುವುದು ಸುಮ್ನೆ ಅಲ್ಲ.

ಇನ್ನು ಇನ್‌ಸ್ಟಾಗ್ರಾಂ. ಜನ ತಮ್ಮನ್ನು ಹೋಲಿಸಿಕೊಳ್ಳುವುದು ಹೆಚ್ಚಾಗಿ ತಮ್ಮಂಥವರ ಜೊತೆಗೇ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದರು. ಹೀರೊಯಿನ್ ಎಷ್ಟೇ ಚೆಂದ ಇದ್ದರೂ ಅವಳ ಲೋಕವೇ ಬೇರೆ ಅಂತ ಸಮಾಧಾನ ಮಾಡಿಕೊಳ್ಳಬಹುದು. ಪಕ್ಕದ ಬೆಂಚಿನ ಗೆಳತಿ ರಾತ್ರೋರಾತ್ರಿ ನುಣುಪು ಗಲ್ಲ, ಚೂಪು ಗದ್ದ ಹೊತ್ತು ಬಂದರೆ ಸಮಾಧಾನ ಹೇಗೆ ಬರಬೇಕು? ಅದು ಫಿಲ್ಟರ್ ಅಂತ ಗೊತ್ತಿದ್ದರೂ ಚುಚ್ಚುತ್ತದೆ. 2021ರಲ್ಲಿ, ಇನ್‌ಸ್ಟಾಗ್ರಾಂನ ಒಡೆತನದ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರಗಳು ಹೊರಬಿದ್ದಾಗ ಅದರಲ್ಲೂ ಇದೇ ಇತ್ತು: ತಮ್ಮ ದೇಹದ ಬಗ್ಗೆ ಬೇಜಾರಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ, ಇನ್‌ಸ್ಟಾಗ್ರಾಂ ಆ ಬೇಜಾರನ್ನು ಹೆಚ್ಚು ಮಾಡಿತು ಅಂದಿದ್ದರು. ಹುಡುಗರು ಇದರಿಂದ ಪಾರಾಗಿದ್ದಾರೆ ಅಂದುಕೊಳ್ಳಬೇಡಿ. ಅವರ ಕೊರಗು ಸಿಕ್ಸ್ ಪ್ಯಾಕ್, ಎತ್ತರ, ಉದುರುವ ಕೂದಲು. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಫೋಟೋ ತಿದ್ದಿದ್ದರೆ ಹಾಗಂತ ಬರೆದುಬಿಡಿ ಅನ್ನುವ ಉಪಾಯವೂ ಬಂದಿದೆ. ಜಾಹೀರಾತಿನಲ್ಲಿ ಮಾಡೆಲ್‌ಗಳ ಮೈಯನ್ನು ತಿದ್ದಿದರೆ ಅದನ್ನು ಹೇಳಲೇಬೇಕು ಅನ್ನುವ ನಿಯಮ ಫ್ರಾನ್ಸ್‌ನಲ್ಲಿ 2017ರಲ್ಲಿ ಬಂತು, ನಾರ್ವೆಯಲ್ಲಿ 2022ರಲ್ಲಿ. ಉದ್ದೇಶ ಒಳ್ಳೆಯದೇ. ಆದರೆ ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞೆ ಮರಿಕಾ ತಿಗೆಮನ್ ಮತ್ತು ಅವರ ಜೊತೆಗಾರರು ಮತ್ತೆ ಮತ್ತೆ ಪ್ರಯೋಗ ಮಾಡಿ ನೋಡಿದಾಗ, ಇಂಥ ಚೀಟಿ ಅಂಟಿಸಿದ್ದರಿಂದ ನೋಡುವವರ ಬೇಸರ ಕಡಿಮೆಯಾಗಲಿಲ್ಲ. ನನಗೇನೂ ಆಶ್ಚರ್ಯವಿಲ್ಲ. ಚಿತ್ರ ಸುಳ್ಳು ಅಂತ ತಲೆಗೆ ಗೊತ್ತಾದರೂ, ಹಾಗಿದ್ದರೆ ಬದುಕು ಚೆನ್ನಾಗಿರುತ್ತಿತ್ತು ಅನ್ನುವ ಆಸೆ ಇದ್ದಲ್ಲೇ ಇರುತ್ತದೆ.

ಬೆಕರ್ ಆಮೇಲೂ ಫಿಜಿಯನ್ನು ಬಿಡಲಿಲ್ಲ. 2011ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನದಲ್ಲಿ, ಹುಡುಗಿ ಸ್ವತಃ ಎಷ್ಟು ಟಿವಿ ನೋಡುತ್ತಾಳೆ ಅನ್ನುವುದಕ್ಕಿಂತ ಅವಳ ಗೆಳತಿಯರು ಎಷ್ಟು ನೋಡುತ್ತಾರೆ ಅನ್ನುವುದೇ ಹೆಚ್ಚು ತೂಕದ ವಿಷಯವಾಗಿ ಕಂಡಿತು. ಪರದೆ ಮೇಲಿನದ್ದು ಬಾಯಿಂದ ಬಾಯಿಗೆ ದಾಟಿ ಬರುತ್ತದೆ. "ನಾನು ಎಷ್ಟು ಊದಿಕೊಂಡಿದ್ದೀನಿ ನೋಡೇ", "ಛೇ, ನೀನೇನೂ ಅಲ್ಲ, ನನ್ನ ನೋಡು" ಅನ್ನುವ ಮಾತುಕತೆ ಇದೆಯಲ್ಲ, ಅದಕ್ಕೆ ಸಂಶೋಧಕರು ಫ್ಯಾಟ್ ಟಾಕ್ ಅನ್ನುತ್ತಾರೆ. ನಮ್ಮ ಮದುವೆಮನೆಯಲ್ಲಿ ಇದನ್ನು ಕ್ಷೇಮ ಸಮಾಚಾರ ಅನ್ನುತ್ತೇವೆ. "ಸ್ವಲ್ಪ ಕಪ್ಪಾದ ಹಾಗಿದೆ?" ಅಂತ ಕೇಳಿದ ಅತ್ತೆ ಊಟದ ಹಾಲ್ ಕಡೆ ಹೋಗುವಷ್ಟರಲ್ಲಿ ಮರೆತಿರುತ್ತಾರೆ. ಮಗಳಿಗೆ ಬಾಲ್ಯದಿಂದ ಮುಖದ ಪ್ಯಾಕ್ ಹಾಕಿಸುತ್ತಾ ಟಿವಿಯನ್ನು ಬೈಯುವ ಅಪ್ಪ ಅಮ್ಮ ಬೆಕರ್ ಅವರ ಈ ಎರಡನೇ ಅಧ್ಯಯನವನ್ನೂ ಒಮ್ಮೆ ನೋಡಬೇಕು.

ಕೊನೆಗೆ, ಈ ಪದದ ಜೊತೆ ಕಲಸಿಹೋಗುವ ಇನ್ನೊಂದು ಪದ. ಬಾಡಿ ಇಮೇಜ್ ಎಲ್ಲರಿಗೂ ಇರುತ್ತದೆ, ಅದು ಕಾಯಿಲೆಯಲ್ಲ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಕಾಯಿಲೆ. ಬೇರೆಯವರಿಗೆ ಕಾಣದ, ಕಂಡರೂ ಅತ್ಯಲ್ಪವಾದ ಕುಂದೊಂದನ್ನು ಹಿಡಿದು ದಿನಕ್ಕೆ ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುವುದು, ಅದಕ್ಕಾಗಿ ಕಾಲೇಜು, ಕೆಲಸ ಬಿಡುವುದು ಅದರ ಗುರುತು. ಇದಕ್ಕೆ ಚಿಕಿತ್ಸೆ ಇದೆ. ಬ್ಯೂಟಿ ಪಾರ್ಲರ್‌ನಲ್ಲೂ ಮೂಗಿನ ಆಪರೇಷನ್ನಿನಲ್ಲೂ ಸಿಗುವುದಿಲ್ಲ, ಮನೋವೈದ್ಯರಲ್ಲಿ ಸಿಗುತ್ತದೆ. ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.