ವೆಂಗೆ ಮರ: ಚೆಂದದ ಗೆರೆ, ಚುಚ್ಚುವ ಸಿಬಿರು

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ತಮಿಳಿನ ವೇಂಗೈ ಅಂದರೆ ನಮ್ಮ ಹೊನ್ನೆ. ಈ ವೆಂಗೆ ಬೇರೆ. ಕಾಂಗೊ, ಕ್ಯಾಮರೂನ್, ಗ್ಯಾಬನ್ ಕಡೆಯ ಕಾಡುಮರ. ಸಸ್ಯಶಾಸ್ತ್ರದಲ್ಲಿ ಮಿಲೆಟಿಯಾ ಲಾರೆಂಟಿಯೈ. ಹೊಂಗೆಯನ್ನೂ ಮಿಲೆಟಿಯಾ ಗುಂಪಿಗೆ ಸೇರಿಸುವವರಿದ್ದಾರೆ, ಹಾಗಾಗಿ ನೆಂಟ ಅನ್ನಬಹುದು.

ಆಗಷ್ಟೇ ಕೊಯ್ದ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ತಿರುಳು, ಹಳದಿ ಬೆರೆತ ಕಂದು. ಆಮೇಲೆ ಕಪ್ಪಾಗುತ್ತದೆ, ಎಣ್ಣೆ ಹಚ್ಚಿದರೆ ಇನ್ನೂ ಕಪ್ಪು. ತಮಾಷೆ ಅಂದರೆ, ಬಿಸಿಲಿಗೆ ಬಿದ್ದಿದ್ದರೆ ಬಣ್ಣ ಮತ್ತೆ ತಿಳಿಯಾಗುತ್ತದೆ. ಒಣಗಿದ ಮರ ಘನ ಮೀಟರಿಗೆ ಸುಮಾರು 870 ಕಿಲೋ ತೂಗುತ್ತದೆ.

ಈಗ ಮುಖ್ಯ ವಿಷಯ. ತುಂಡಿನ ಅಡ್ಡ ಕೊಯ್ದ ತುದಿಯನ್ನು ಹರಿತವಾದ ಬ್ಲೇಡಿನಿಂದ ಸವರಿ, ಭೂತಗನ್ನಡಿಯಲ್ಲಿ ನೋಡಿ. ಕಪ್ಪು ಪಟ್ಟಿ, ತಿಳಿ ಪಟ್ಟಿ, ಮತ್ತೆ ಕಪ್ಪು. ಕಪ್ಪು ಭಾಗ ಗಟ್ಟಿ ನಾರು. ತಿಳಿ ಭಾಗ ಮರ ಆಹಾರ ಕೂಡಿಡುವ ಮೆತ್ತನೆ ಕೋಶಗಳು, ಪ್ಯಾರೆಂಕೈಮಾ. ಜನ ಮೆಚ್ಚುವ ಗೆರೆ ಇದೇ. ಆದರೆ ಗಟ್ಟಿ ಮತ್ತು ಮೆತ್ತನೆ ಪಕ್ಕಪಕ್ಕ ಇದ್ದರೆ ಮರ ಎಲ್ಲಿ ಸೀಳುತ್ತದೆ? ಆ ಗೆರೆಗುಂಟವೇ ಅಲ್ವಾ? ಅಂಚಿನ ಮೇಲೆ ಸುಮ್ನೆ ಕೈ ಆಡಿಸಿದರೂ ಸೂಜಿಯಂಥ ಸಿಬಿರು ಹೊಕ್ಕುತ್ತದೆ. ನನಗೂ ಒಮ್ಮೆ ಹೆಬ್ಬೆರಳಿಗೆ ಹೊಕ್ಕಿತ್ತು. ಮೇಲಿನ ಚೂರು ಕಿತ್ತು ಸುಮ್ಮನಾದೆ. ಒಳಗೆ ಮುರಿದುಳಿದದ್ದು ಎರಡೇ ದಿನಕ್ಕೆ ಕೀವಾಯಿತು. ಈ ಮರದ ಸಿಬಿರಿಗೆ ಕೀವು ಕಟ್ಟಿಸುವ ಕೆಟ್ಟ ಹೆಸರೇ ಇದೆ. ಪೂರ್ತಿ ತೆಗೆದು ಸೋಪಿನಲ್ಲಿ ತೊಳೆಯಿರಿ. ಕೆಂಪಾಗಿ ಊದಿದರೆ ಡಾಕ್ಟರ ಬಳಿ ಹೋಗಿ.

ಮೆರುಗು ಕೊಡುವಾಗಲೂ ಸತಾಯಿಸುತ್ತದೆ. ರಂಧ್ರಗಳು ದೊಡ್ಡವು, ಫಿಲ್ಲರ್ ತುಂಬದೆ ನುಣುಪು ಬರುವುದಿಲ್ಲ. ನಡುನಡುವೆ ರಾಳ ಸಿಕ್ಕಿದ ಕಡೆ ಅಂಟೂ ಸರಿಯಾಗಿ ಹಿಡಿಯುವುದಿಲ್ಲ.

ಕೊಯ್ಯುವಾಗ, ಉಜ್ಜುವಾಗ ಏಳುವ ಪುಡಿಯ ವಿಷಯ ಇನ್ನೂ ಗಂಭೀರ. ಚರ್ಮದ ತುರಿಕೆ, ಕಣ್ಣುರಿ, ಉಸಿರಿನ ತೊಂದರೆ, ಕೆಲವರಿಗೆ ಹೊಟ್ಟೆ ನುಲಿತವೂ ಬರುತ್ತದೆ. ಇದು ಅಲರ್ಜಿಯಾಗಿ ಬೆಳೆದರೆ ಆಮೇಲೆ ಚೂರು ಪುಡಿ ಸಾಕು. 'ಇಷ್ಟು ದಿನ ಏನೂ ಆಗಿಲ್ಲ' ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಇನ್ನು ಯಾವ ಮರದ ಪುಡಿಯೇ ಆಗಲಿ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಮೊದಲನೇ ಗುಂಪಿನ ಕ್ಯಾನ್ಸರ್‌ಕಾರಕ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತ. ಗಟ್ಟಿಮರದ ಪುಡಿಗೆ ಯುರೋಪಿಯನ್ ಒಕ್ಕೂಟ 2023ರಿಂದ ಇಟ್ಟಿರುವ ಮಿತಿ, ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ.

ಹಾಗಾಗಿ ಪುಡಿ ಎಳೆಯುವ ಯಂತ್ರ, ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಎರಡೂ ಬೇಕು. ಕರವಸ್ತ್ರ ಸಾಲದು. ಹಲಗೆ ಎತ್ತಿಡುವಾಗ ದಪ್ಪ ಗ್ಲೌಸ್ ಹಾಕಿಕೊಳ್ಳಿ. ಆದರೆ ತಿರುಗುವ ಗರಗಸದ ಮುಂದೆ ನಿಲ್ಲುವ ಮೊದಲು ಅದನ್ನು ಬಿಚ್ಚಿಡಿ. ಗ್ಲೌಸ್ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ.