ಫಾಸ್ಟ್ ಫುಡ್ ತಿನ್ನುವಾಗ ಮೊದಲು ಏನನ್ನು ಬದಲಿಸಬೇಕು?

"ಫಾಸ್ಟ್ ಫುಡ್ ಕೆಟ್ಟದ್ದು, ತಿನ್ನಬಾರದು" ಎಂದು ನೋಟ್ಸಿನಲ್ಲಿ ಬರೆದುಕೊಂಡು ಮುಂದೆ ಹೋಗುವುದು ಸುಲಭ. ಆದರೆ ಹೊತ್ತಿಲ್ಲದಾಗ, ಹಸಿವು ಜಾಸ್ತಿಯಾದಾಗ ಬಹಳ ಜನ ಅದನ್ನೇ ತಿನ್ನುತ್ತಾರೆ. ಹಾಗಾಗಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಏನನ್ನು ಬದಲಿಸಿದರೆ ಹೆಚ್ಚು ಪ್ರಯೋಜನ? ನನ್ನ ಪ್ರಕಾರ ಬರ್ಗರ್‌ಗಿಂತ ಮೊದಲು ಅದರ ಜೊತೆಗೆ ಬರುವುದನ್ನು ನೋಡಬೇಕು.

ಮೊದಲನೆಯದು ಪಾನೀಯ. 330 ಮಿ.ಲೀ. ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರು ಮೇಲಿಂದ ಸೇರಿಸಿದ ಸಕ್ಕರೆಯನ್ನು 50 ಗ್ರಾಂ ಒಳಗೆ ಇಟ್ಟುಕೊಳ್ಳಬೇಕು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿಂದ ಬರುವ ಲೆಕ್ಕ ಇದು. ಒಂದೇ ಕ್ಯಾನ್ 25ರ ಗೆರೆ ದಾಟಿಬಿಡುತ್ತದೆ! ಹಣ್ಣಿನ ರಸದ ಸಕ್ಕರೆಯನ್ನೂ ಇದೇ ಲೆಕ್ಕಕ್ಕೆ ಸೇರಿಸುತ್ತಾರೆ, ಮರೆಯಬೇಡಿ. ಕುಡಿದ ಕ್ಯಾಲೊರಿ ತಿಂದ ಕ್ಯಾಲೊರಿಯಷ್ಟು ಹೊಟ್ಟೆ ತುಂಬಿಸುವುದೂ ಇಲ್ಲ. ಬದಲಿಗೆ ನೀರು ಕುಡಿದರೆ ಊಟದಲ್ಲಿ ಏನೂ ಕಮ್ಮಿಯಾಗುವುದಿಲ್ಲ, ಅಲ್ವಾ?

ಎರಡನೆಯದು ಎಣ್ಣೆ. ಇಲ್ಲಿ ಕಾರಣ ಅರ್ಥವಾದರೆ ಸುಮ್ನೆ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟ ಮತ್ತು ಪ್ರೋಟೀನಿನಲ್ಲಿ 4. ಬೇಯಿಸಿದ 100 ಗ್ರಾಂ ಆಲೂಗಡ್ಡೆಯಲ್ಲಿ 90 ಕ್ಯಾಲೊರಿಗಿಂತ ಕಡಿಮೆ, ಅಷ್ಟೇ ತೂಕದ ಫ್ರೈಸ್‌ನಲ್ಲಿ ಸುಮಾರು 300. ಕರಿಯುವಾಗ ಆಲೂಗಡ್ಡೆಯ ನೀರು ಆವಿಯಾಗಿ ಹೋಗುತ್ತದೆ, ಎಣ್ಣೆ ಒಳಗೆ ಸೇರುತ್ತದೆ. ತೆಳ್ಳಗೆ ಕತ್ತರಿಸಿದಷ್ಟೂ ಎಣ್ಣೆ ತಾಗುವ ಮೇಲ್ಮೈ ಜಾಸ್ತಿ. ಹಿಟ್ಟಿನಲ್ಲಿ ಅದ್ದಿ ಕರಿದ ಚಿಕನ್ನಿನ ಹೊರಪದರವೂ ಹೀಗೆಯೇ ಎಣ್ಣೆ ಹೀರುತ್ತದೆ. ಅದಕ್ಕೇ ಗ್ರಿಲ್ ಮಾಡಿದ್ದು ಅಥವಾ ಬೇಕ್ ಮಾಡಿದ್ದು ವಾಸಿ.

ಆದರೆ ಗ್ರಿಲ್ ಮಾಡಿದ್ದನ್ನು ಆರಿಸಿ, ಮೇಲೆ ಮೇಯನೇಸ್ ಸುರಿದುಕೊಂಡರೆ ಉಳಿಸಿದ್ದೆಲ್ಲ ಹೋಯಿತು. ಒಂದು ದೊಡ್ಡ ಚಮಚ ಮೇಯನೇಸ್‌ನಲ್ಲಿ ಸುಮಾರು 90 ಕ್ಯಾಲೊರಿ ಇರುತ್ತದೆ. ಸಲಾಡ್ ಮೇಲಿನ ಕೆನೆಯಂಥ ಡ್ರೆಸ್ಸಿಂಗ್‌ಗೂ ಇದೇ ಮಾತು. ಸಾಸನ್ನು ಬೇರೆ ಕಪ್ಪಿನಲ್ಲಿ ಕೊಡಿ ಎಂದು ಕೇಳಿ. ಎಷ್ಟು ಬೇಕೋ ಅಷ್ಟೇ ಹಾಕಿಕೊಳ್ಳಬಹುದು.

ಉಪ್ಪಿನ ವಿಷಯ ಮಾತ್ರ ಕಷ್ಟದ್ದು. ಬನ್ನು, ಚೀಸ್, ಸಾಸ್, ಸಂಸ್ಕರಿಸಿದ ಮಾಂಸ, ಎಲ್ಲದರಲ್ಲೂ ಅದು ಮೊದಲೇ ಸೇರಿರುತ್ತದೆ. ನಾವು ತೆಗೆಯಲು ಆಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪೋಷಕಾಂಶಗಳ ಪಟ್ಟಿಯಲ್ಲಿ ಉಪ್ಪಿನ ಬದಲು ಸೋಡಿಯಂ ಎಂದು ಬರೆದಿದ್ದರೆ, ಉಪ್ಪಿನ ಲೆಕ್ಕ ಸಿಗಲು ಅದನ್ನು 2.5ರಿಂದ ಗುಣಿಸಿ. 1,200 ಮಿ.ಗ್ರಾಂ ಸೋಡಿಯಂ ಎಂದರೆ 3 ಗ್ರಾಂ ಉಪ್ಪು, ಅಂದರೆ ದಿನದ ಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಹೊತ್ತಿಗೆ ಮುಗಿಯಿತು. ಇಲ್ಲಿ ಇರುವ ದಾರಿ ಕೆಲವೇ: ಹೆಚ್ಚುವರಿ ಚೀಸ್ ಬೇಡ ಎನ್ನುವುದು, ಚಿಕ್ಕ ಗಾತ್ರ ತೆಗೆದುಕೊಳ್ಳುವುದು, ಆ ದಿನದ ಉಳಿದ ಊಟದಲ್ಲಿ ಉಪ್ಪು ಕಮ್ಮಿ ಮಾಡುವುದು.

ಗಾತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸ್ವಲ್ಪ ಹಣ ಸೇರಿಸಿದರೆ ದೊಡ್ಡದು ಸಿಗುತ್ತದೆ ಎನ್ನುವಾಗ ಲಾಭ ಅನ್ನಿಸುತ್ತದೆ, ಆದರೆ ಮೇಲೆ ಹೇಳಿದ ಸಕ್ಕರೆ, ಎಣ್ಣೆ, ಉಪ್ಪು ಮೂರೂ ಒಟ್ಟಿಗೆ ಏರುತ್ತವೆ. ಚಿಕ್ಕದನ್ನೇ ತೆಗೆದುಕೊಂಡು, ಹಸಿವು ಉಳಿದರೆ ಸಲಾಡ್ ಅಥವಾ ಒಂದು ಹಣ್ಣು ಸೇರಿಸಿ. ಇಂಥ ಊಟದಲ್ಲಿ ಸಾಮಾನ್ಯವಾಗಿ ಕಮ್ಮಿ ಇರುವ ನಾರಿನಂಶವೂ ಅದರಿಂದ ಸಿಗುತ್ತದೆ.